ಹುಳುಕು ಹಲ್ಲು ಮತ್ತು ಹೆತ್ತವರ ಮಾತು

ಹಲ್ಲು ನೋಯುವ ಮಗು ಕೆನ್ನೆಯನ್ನು ಹಿಡಿದುಕೊಂಡು ಅಳುತ್ತದೆ. ಯಾವ ಹಲ್ಲೆಂದು ಕೇಳಿದರೆ ಬೆರಳಿಟ್ಟು ತೋರಿಸುತ್ತದೆ. ಇಷ್ಟನ್ನೂ ಮಾಡಲಾರದ ಮಕ್ಕಳು ಲೋಕದಲ್ಲಿ ಬಹುಮಂದಿ ಇದ್ದಾರೆ. ಮಾತು ಬಾರದ ಮಗು, ಆಟಿಸಂ ಉಳ್ಳ ಮಗು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲುಗಳು ಸ್ವಾಧೀನದಲ್ಲಿಲ್ಲದ ಮಗು ತನ್ನ ನೋವನ್ನು ಬೇರೆ ಬಗೆಯಲ್ಲಿ ಪ್ರಕಟಿಸಬಹುದು. ಅದು ಊಟವನ್ನು ದೂರ ತಳ್ಳುತ್ತದೆ, ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತದೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದೆ. ನೋಡಿದವರು ‘ಅದರ ಸ್ವಭಾವವೇ ಹಾಗೆ’ ಎಂದುಬಿಡುವುದುಂಟು. ಹೀಗೆ ಹಲ್ಲಿನ ದೋಷವು ಮಗುವಿನ ದೋಷವೆನಿಸಿಕೊಳ್ಳುತ್ತದೆ. ಇದು ಸ್ವಭಾವವಲ್ಲ, ನೋವು ಇರಬಹುದು ಎಂದು ಮೊದಲು ಸಂಶಯಪಡಬಲ್ಲವರು ದಿನವೂ ಜೊತೆಯಲ್ಲಿರುವ ಹೆತ್ತವರು. ಆದರೂ ಚಿಕಿತ್ಸೆಯ ಪ್ರಸ್ತಾಪ ಬಂದಾಗ ಅವರ ಅಭಿಪ್ರಾಯವನ್ನು ಅಜ್ಞಾನವೆಂದೋ ಅತಿಮೋಹವೆಂದೋ ಬದಿಗೊತ್ತುವುದು ಸುಲಭ. ಹಾಗೆ ಬದಿಗೊತ್ತುವುದು ಅನ್ಯಾಯ ಮಾತ್ರವಲ್ಲ, ಅಶಾಸ್ತ್ರೀಯವೂ ಹೌದೆಂಬುದೇ ಈ ಲೇಖನದ ವಾದ.

ದಂತಕ್ಷಯವೆಂದರೇನೆಂಬುದನ್ನು ಮೊದಲು ನೆನೆಯೋಣ. ಹಲ್ಲಿನಲ್ಲಿ ಹುಳುವೇನೂ ಇಲ್ಲ; ‘ಹುಳುಕು’ ಎಂಬುದು ಹಳೆಯ ನಂಬಿಕೆಯಿಂದ ಉಳಿದುಬಂದ ಮಾತು. ಹಲ್ಲಿನ ಮೇಲೆ ಅಂಟಿಕೊಂಡ ಲೋಳೆಪದರದಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನವು ಸುಮಾರು ೫.೫ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮಲ್ಲಿನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳು ಕರಗತೊಡಗುತ್ತವೆ. ಎಂಜಲು ಈ ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಮತ್ತೆ ತುಂಬಲು ಯತ್ನಿಸುತ್ತದೆ. ಈ ಕರಗುವಿಕೆಯೂ ತುಂಬುವಿಕೆಯೂ ಸರಿದೂಗಿದರೆ ಹಲ್ಲು ಉಳಿಯುತ್ತದೆ. ಕರಗುವಿಕೆ ಮೇಲಾದರೆ ಕುಳಿ ಬೀಳುತ್ತದೆ.

ವಿಶೇಷ ಅಗತ್ಯವುಳ್ಳ ಅನೇಕ ಮಕ್ಕಳಲ್ಲಿ ಈ ತಕ್ಕಡಿ ಮೊದಲಿನಿಂದಲೇ ವಾಲಿರುತ್ತದೆ. ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಕೊಡಬೇಕಾದ ದ್ರವೌಷಧದಲ್ಲಿ ಸಕ್ಕರೆ ಇರಬಹುದು. ಕೆಲವು ಔಷಧಗಳು ಬಾಯಿಯನ್ನು ಒಣಗಿಸುತ್ತವೆ. ನುಂಗುವ ಸ್ನಾಯುಗಳು ದುರ್ಬಲವಾಗಿದ್ದರೆ ತುತ್ತು ಕೆನ್ನೆಯ ಸಂದಿಯಲ್ಲೇ ಬಹಳ ಹೊತ್ತು ನಿಲ್ಲುತ್ತದೆ. ಆಟಿಸಂ ಉಳ್ಳ ಮಗುವಿಗೆ ಬ್ರಷ್ಷಿನ ಸ್ಪರ್ಶವೂ ಪೇಸ್ಟಿನ ರುಚಿಯೂ ಸಹಿಸಲಾಗದಷ್ಟು ತೀವ್ರವಾಗಿ ತೋರಬಹುದು. ಆದರೆ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಲಾಗದು: ಡೌನ್ ಸಿಂಡ್ರೋಮ್ ಉಳ್ಳವರನ್ನು ಹಲ್ಲಿನ ಹುಳುಕಿಗಿಂತ ವಸಡಿನ ರೋಗವೇ ಹೆಚ್ಚಾಗಿ ಕಾಡುತ್ತದೆ. ಆದುದರಿಂದ ‘ನೀವು ಸರಿಯಾಗಿ ಹಲ್ಲುಜ್ಜಿಸಲಿಲ್ಲ’ ಎಂದು ತಾಯಿಯನ್ನು ಗದರಿಸುವ ಮುನ್ನ ಮಗುವಿನ ಸ್ಥಿತಿಯೇನೆಂದು ವಿಚಾರಿಸುವುದು ಲೇಸು.

ಇನ್ನು ಹೆತ್ತವರ ಅಭಿಪ್ರಾಯಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಅವುಗಳಲ್ಲಿ ಸರಿಯೂ ಉಂಟು, ತಪ್ಪೂ ಉಂಟು. ‘ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತದೆ’ ಎಂಬುದು ಮೊದಲನೆಯದು. ಇದನ್ನು ಒಪ್ಪುವಂತಿಲ್ಲ. ಹಾಲುಹಲ್ಲುಗಳು ಇಪ್ಪತ್ತು, ಅವುಗಳಲ್ಲಿ ಹಿಂದಿನ ದವಡೆಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಿಯಲ್ಲಿರಬೇಕಾದವು. ನಾಲ್ಕನೆಯ ವರ್ಷದಲ್ಲಿ ಕುಳಿಬಿದ್ದ ಹಲ್ಲು ತಾನಾಗಿ ಬೀಳುವವರೆಗೆ ಆರೇಳು ವರ್ಷ ಕಾಯಬೇಕು. ಅಷ್ಟರೊಳಗೆ ಕ್ಷಯವು ನರವಿರುವ ತಿರುಳನ್ನು ಮುಟ್ಟಿ, ಕೀವಾಗಿ, ಮುಖ ಊದಿಕೊಳ್ಳಬಹುದು. ನೋವನ್ನು ಹೇಳಿಕೊಳ್ಳಲಾರದ ಮಗುವಿಗೆ ಈ ಕಾಯುವಿಕೆ ಎಷ್ಟು ಕ್ರೂರವೆಂಬುದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಅರಿವಳಿಕೆಯ ಭಯ. ಕುರ್ಚಿಯಲ್ಲಿ ಕೂರಲಾರದ, ಬಾಯಿ ತೆರೆಯದ ಮಗುವಿಗೆ ಹಲ್ಲು ಕೊರೆದು ತುಂಬಬೇಕಾದರೆ ವೈದ್ಯರು ಅನೇಕ ವೇಳೆ ಪೂರ್ಣ ಅರಿವಳಿಕೆಯನ್ನು ಸೂಚಿಸುತ್ತಾರೆ. ಹೆತ್ತವರು ಹಿಂಜರಿಯುತ್ತಾರೆ. ಈ ಹಿಂಜರಿಕೆ ನಿರಾಧಾರವಲ್ಲ. ಹೃದಯದ ದೋಷ, ಉಸಿರಾಟದ ತೊಂದರೆ, ಮೂರ್ಛೆರೋಗ ಇವು ಇದ್ದಲ್ಲಿ ಹೆಚ್ಚಿನ ಎಚ್ಚರ ಬೇಕೇ ಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೂರು ಗಂಟೆಗಿಂತ ದೀರ್ಘವಾಗಿ ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ಬಾಧಕವಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ೨೦೧೬ರಲ್ಲಿ ಎಚ್ಚರಿಕೆ ಕೊಟ್ಟಿತು. ಆದರೆ ಹಸುಗೂಸಿನ ಪ್ರಾಯದಲ್ಲಿ ಒಂದು ಗಂಟೆಯೊಳಗಿನ ಒಂದೇ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಶಕ್ತಿಯಲ್ಲಿ ಐದನೆಯ ವರ್ಷದಲ್ಲಿ ಯಾವ ಕೊರತೆಯೂ ಕಾಣಲಿಲ್ಲವೆಂದು ೨೦೧೯ರಲ್ಲಿ ಪ್ರಕಟವಾದ ಪರಿಶೀಲನೆ ತಿಳಿಸುತ್ತದೆ. ಎಂದರೆ, ಭಯಕ್ಕೆ ಕಾರಣವುಂಟು; ಭಯವೇ ಉತ್ತರವಲ್ಲ. ಕೀವಾದ ಹಲ್ಲಿಗೆ ಕೆಲವೊಮ್ಮೆ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವುದೇ ಕರುಣೆಯ ದಾರಿ.

ಇವೆರಡರ ನಡುವೆ, ಕ್ಷಯವು ತಿರುಳನ್ನು ಇನ್ನೂ ಮುಟ್ಟದಿರುವಾಗ, ಮೂರನೆಯ ಹಾದಿಯೊಂದಿದೆ. ಬೆಳ್ಳಿಯಿಂದ ಕ್ಷಯವನ್ನು ತಡೆಯುವ ವಿಚಾರ ಹೊಸದೇನಲ್ಲ. ಬಾಸ್ಟನ್ನಿನ ಪರ್ಸಿ ಹೌ ಎಂಬುವರು ೧೯೧೭ರಲ್ಲಿಯೇ ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟನ್ನು ಹಲ್ಲಿಗೆ ಬಳಸುವ ಕ್ರಮವನ್ನು ಪ್ರಕಟಿಸಿದ್ದರು. ೧೯೬೦ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಬೆಳ್ಳಿಯನ್ನೂ ಫ್ಲೂರೈಡನ್ನೂ ಜೊತೆಗೂಡಿಸಿ ಸಿಲ್ವರ್ ಡೈಅಮೈನ್ ಫ್ಲೂರೈಡ್ ಎಂಬ ದ್ರವವನ್ನು ಬಳಕೆಗೆ ತಂದರು. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಫ್ಲೂರೈಡ್ ಮೆದುವಾದ ಹಲ್ಲನ್ನು ಗಟ್ಟಿಮಾಡುತ್ತದೆ. ಕೊರೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಕುಳಿಯನ್ನು ಒಣಗಿಸಿ, ಚಿಕ್ಕ ಕುಂಚದಿಂದ ಒಂದೆರಡು ನಿಮಿಷ ಲೇಪಿಸಿದರಾಯಿತು. ನೂರಕ್ಕೆ ೩೮ರ ಪ್ರಮಾಣದ ಈ ದ್ರಾವಣದಿಂದ ಹಾಲುಹಲ್ಲುಗಳ ಕುಳಿಗಳಲ್ಲಿ ನೂರಕ್ಕೆ ಸುಮಾರು ೮೦ರಷ್ಟು ಬೆಳೆಯದೆ ನಿಲ್ಲುತ್ತವೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟಿಸಿದ ವಿಮರ್ಶೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದಕ್ಕೂ ಮಿತಿಗಳಿವೆ: ಲೇಪನವನ್ನು ಕಾಲಕಾಲಕ್ಕೆ ಮತ್ತೆ ಮಾಡಬೇಕು, ಕುಳಿ ತುಂಬುವುದಿಲ್ಲ, ಕೀವಾದ ಹಲ್ಲಿಗೆ ಇದು ಮದ್ದಲ್ಲ, ಬೆಳ್ಳಿ ಒಗ್ಗದವರಿಗೆ ಸಲ್ಲದು.

ಇನ್ನೊಂದು ಸಂಗತಿಯೂ ಉಂಟು. ಬೆಳ್ಳಿಯ ಕಾಲ್ಗೆಜ್ಜೆ ದಿನಕಳೆದಂತೆ ಕಪ್ಪಾಗುವುದನ್ನು ವಾಚಕರು ಬಲ್ಲರು. ಕುಳಿಯೊಳಗೆ ಸೇರಿದ ಬೆಳ್ಳಿಯೂ ಕಪ್ಪಾಗುತ್ತದೆ. ಆರೋಗ್ಯವಾದ ಎನಾಮಲ್ ಬಿಳಿಯಾಗಿಯೇ ಉಳಿದು, ಕ್ಷಯವಾದ ಭಾಗ ಮಾತ್ರ ಶಾಶ್ವತವಾಗಿ ಕರಿದಾಗುತ್ತದೆ. ಹೆತ್ತವರು ತಡೆದು ನಿಲ್ಲುವುದು ಇಲ್ಲಿಯೇ.

ಈ ವಿಷಯವಾಗಿ ನ್ಯೂಯಾರ್ಕ್ ಪ್ರದೇಶದ ೧೨೦ ಮಂದಿ ತಾಯಿತಂದೆಗಳಿಗೆ ಚಿತ್ರಗಳನ್ನು ತೋರಿಸಿ ನಡೆಸಿದ ಸಮೀಕ್ಷೆಯೊಂದು ೨೦೧೭ರಲ್ಲಿ ಪ್ರಕಟವಾಯಿತು. ಅದು ವಿಶೇಷ ಮಕ್ಕಳನ್ನೇ ಕುರಿತದ್ದಲ್ಲವಾದರೂ ನಮಗೆ ಪಾಠ ಹೇಳುವಂತಹುದು. ಹಿಂದಿನ ಹಲ್ಲುಗಳ ಕಪ್ಪನ್ನು ಸಹಿಸಬಹುದೆಂದವರು ನೂರಕ್ಕೆ ೬೭.೫, ಮುಂದಿನ ಹಲ್ಲುಗಳ ಕಪ್ಪನ್ನು ಸಹಿಸಬಹುದೆಂದವರು ೨೯.೭ ಮಾತ್ರ. ಆದರೆ ‘ಇದನ್ನೊಪ್ಪದಿದ್ದರೆ ಮಗುವಿಗೆ ಪೂರ್ಣ ಅರಿವಳಿಕೆಯೇ ಗತಿ’ ಎಂಬ ಸನ್ನಿವೇಶವನ್ನು ಮುಂದಿಟ್ಟಾಗ, ಮುಂದಿನ ಹಲ್ಲುಗಳಿಗೂ ಈ ಲೇಪನವನ್ನು ಒಪ್ಪಿದವರು ೬೦.೩ರಷ್ಟಾದರು. ಸುಮಾರು ಮೂರನೆಯ ಒಂದು ಪಾಲು ಜನ ಯಾವ ಸಂದರ್ಭದಲ್ಲಿಯೂ ಒಪ್ಪಲಿಲ್ಲ.

ಈ ಅಂಕಿಗಳ ಅರ್ಥವೇನು? ಹೆತ್ತವರು ಹಟಮಾರಿಗಳಲ್ಲ, ಅವರು ತೂಗಿ ನೋಡುವವರು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದನ್ನು ತಿಳಿಸಿದರೆ ಅವರ ನಿರ್ಣಯವೂ ಬದಲಾಗುತ್ತದೆ. ಕಪ್ಪು ಕಲೆಯ ಚಿತ್ರವನ್ನು ಮೊದಲೇ ತೋರಿಸದೆ ಲೇಪಿಸುವ ವೈದ್ಯನೂ ತಪ್ಪುಗಾರ. ‘ಇವರು ಹೇಗೂ ಒಪ್ಪರು’ ಎಂದೆಣಿಸಿ ಈ ಹಾದಿಯನ್ನೇ ತಿಳಿಸದ ವೈದ್ಯನೂ ತಪ್ಪುಗಾರ. ‘ಈ ಮಗುವಿಗೆ ಅಂದವೇಕೆ’ ಎಂದು ಮನಸ್ಸಿನಲ್ಲಿ ಲೆಕ್ಕಹಾಕುವವನ ತಪ್ಪು ಇವೆರಡಕ್ಕಿಂತಲೂ ದೊಡ್ಡದು. ವಿಶೇಷ ಅಗತ್ಯವುಳ್ಳ ಮಗುವಿಗೂ ನಗುವಿದೆ. ಆ ನಗು ಚೆಂದವಾಗಿರಲೆಂದು ಬಯಸುವ ಹಕ್ಕು ಅದರ ತಾಯಿಗೂ ಇದೆ. ಒಪ್ಪದವರಿಗೆ ಬೇರೆ ಉಪಾಯಗಳನ್ನು ತಿಳಿಸಬೇಕು. ಲೇಪಿಸಿದ ಕುಳಿಯನ್ನು ಹಲ್ಲಿನ ಬಣ್ಣದ ಸಿಮೆಂಟಿನಿಂದ ಮುಚ್ಚುವುದೂ ಅಂತಹ ಒಂದು ಉಪಾಯ.

ಹೆತ್ತವರು ವೈದ್ಯನಿಗೆ ಕೊಡಬಲ್ಲ ಜ್ಞಾನವೂ ಅಲ್ಪವಲ್ಲ. ಮಗು ಯಾವ ಸದ್ದಿಗೆ ಬೆದರುತ್ತದೆ, ಯಾವ ಹೊತ್ತಿನಲ್ಲಿ ಶಾಂತವಾಗಿರುತ್ತದೆ, ‘ಬೇಡ’ ಎಂಬುದನ್ನು ಹೇಗೆ ಸೂಚಿಸುತ್ತದೆ ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಭಾರತದ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶವನ್ನೂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ವಿಧಿಸಿದೆ. ಇಳಿಜಾರು ಹಾದಿಯೊಂದನ್ನು ಕಟ್ಟಿದ ಮಾತ್ರಕ್ಕೆ ತಡೆ ನಿವಾರಣೆಯಾಗದು. ಹೆತ್ತವರ ಮಾತಿಗೆ ಹತ್ತು ನಿಮಿಷ ಕಿವಿಗೊಡುವುದೂ ತಡೆಯ ನಿವಾರಣೆಯೇ.

ವಿದ್ಯಾರ್ಥಿಗಳಾದ ವಾಚಕರಿಗೂ ಈ ವಿಷಯಕ್ಕೂ ಸಂಬಂಧವೇನೆಂದು ಕೇಳಬಹುದು. ನಿಮ್ಮಲ್ಲಿ ಕೆಲವರು ನಾಳೆ ದಂತವೈದ್ಯರಾಗುವಿರಿ. ಆದರೆ ಉಳಿದವರ ಪಾತ್ರವೂ ಚಿಕ್ಕದಲ್ಲ. ಕಪ್ಪು ಹಲ್ಲು ಸ್ವತಃ ವಿಕಾರವಲ್ಲ. ಜಪಾನಿನಲ್ಲಿಯೇ ವಿವಾಹಿತ ಸ್ತ್ರೀಯರು ಹತ್ತೊಂಬತ್ತನೆಯ ಶತಮಾನದವರೆಗೂ ಹಲ್ಲನ್ನು ಕಪ್ಪಾಗಿಸಿಕೊಳ್ಳುವುದನ್ನು ಸೌಂದರ್ಯವೆಂದೇ ಭಾವಿಸಿದ್ದರು. ಇಂದಿನ ತಾಯಿಯು ಹಿಂದಿನ ಹಲ್ಲಿನ ಕಪ್ಪನ್ನು ಒಪ್ಪಿ ಮುಂದಿನ ಹಲ್ಲಿನದಕ್ಕೆ ಹೆದರುವುದೇಕೆ? ಹಿಂದಿನ ಹಲ್ಲು ಪರರಿಗೆ ಕಾಣುವುದಿಲ್ಲ. ಮೊದಲೇ ಎಲ್ಲರೂ ತಿರುಗಿ ನೋಡುವ ತನ್ನ ಮಗುವನ್ನು ಇನ್ನೂ ಎರಡು ಬಾರಿ ತಿರುಗಿ ನೋಡುವರೆಂಬುದೇ ಅವಳ ಅಳುಕು. ಶಾಲೆಯ ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ ಹಾಗೆ ತಿರುಗಿ ನೋಡುವವರು ನಾವು. ಆ ನೋಟವನ್ನು ನಾವು ತಿದ್ದಿಕೊಂಡರೆ, ಎಷ್ಟೋ ಮನೆಗಳಲ್ಲಿ ನೋವಿಲ್ಲದ ಚಿಕಿತ್ಸೆಗೆ ಇರುವ ಅಡ್ಡಿಯೊಂದು ಔಷಧದ ಖರ್ಚಿಲ್ಲದೆ ತೊಲಗುತ್ತದೆ.