ಕೋಗಿಲೆ ಎಂದು ಕರೆದು ಕವಿಯನ್ನು ಮರೆತೆವು

ಈಚೆಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ತಾನೇ ಪದ ಕಟ್ಟಿ, ತಾನೇ ರಾಗ ಕೂಡಿಸಿ, ತಾನೇ ಹಾಡುವ ಯುವಕರು ಕನ್ನಡದಲ್ಲಿ ಈಗಷ್ಟೇ ಹುಟ್ಟಿಕೊಂಡಿದ್ದಾರಂತೆ. 'ಸಿಂಗರ್-ಸಾಂಗ್‌ರೈಟರ್' ಎಂಬ ಹೆಸರನ್ನು ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡಿರುವುದರಿಂದ ಆ ಬಗೆಯ ಮನುಷ್ಯನೂ ಅಲ್ಲಿಂದಲೇ ಬಂದಿರಬೇಕು ಎಂಬ ನಂಬಿಕೆ. ಗಿಟಾರು ಹಿಡಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ ಬಂದಾಗ ಶರೀಫರ ಪದಗಳು ನಮ್ಮ ಕಾಲೇಜು ಹುಡುಗರ ಬಾಯಿಗೆ ಹೊಸದಾಗಿ ಬಂದವು. 'ರಾಮಾ ರಾಮಾ ರೇ' ಚಿತ್ರದ ನಂತರ ವಾಸುಕಿ ವೈಭವ್ ಅವರನ್ನು ಕೇಳುತ್ತಾ ಬಂದವರಲ್ಲಿ ನಾನೂ ಒಬ್ಬ. ಆದರೆ 'ಈಗಷ್ಟೇ ಹುಟ್ಟಿದ್ದು' ಎಂಬ ಮಾತು ಸುಳ್ಳು. ಆ ಸುಳ್ಳಿನ ಬೇರು ನಮ್ಮ ಸಾಹಿತ್ಯದ ಮನೆಯೊಳಗೇ ಇದೆ.

ನನ್ನೂರು ಮಂಕಿ. ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಹೆದ್ದಾರಿಯ ಎರಡೂ ಬದಿಗೆ ಚೆಲ್ಲಿಕೊಂಡ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಇಡಗುಂಜಿಯ ದಾರಿ. ಕೆರೆಮನೆಯವರ ಗುಣವಂತೆ ಕೂಗಳತೆಯಲ್ಲಿದೆ ಎಂದರೂ ನಡೆದೀತು. ಇಂಥ ಊರಿನಲ್ಲಿ ಬೆಳೆದವನಿಗೆ 'ಬರೆದು ಹಾಡುವ ಯುವಕ' ಎಂದರೆ ಮೊದಲು ನೆನಪಾಗುವ ಹೆಸರು ಬೆಂಗಳೂರಿನದಲ್ಲ. ಗುಂಡ್ಮಿ ಕಾಳಿಂಗ ನಾವಡರದು.

ತಿಳಿಯದವರಿಗಾಗಿ ನಾಲ್ಕು ಸಾಲು. ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ, ಸಾಲಿಗ್ರಾಮದ ಹತ್ತಿರದ ಗುಂಡ್ಮಿಯಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಹದಿಹರೆಯದಲ್ಲೇ ಮೇಳ ಸೇರಿದರು. ನಾರಣಪ್ಪ ಉಪ್ಪೂರರ ಶಿಷ್ಯತ್ವ ಸಿಕ್ಕಿತು. ಕೋಟ ಅಮೃತೇಶ್ವರಿ, ಪೆರ್ಡೂರು, ಸಾಲಿಗ್ರಾಮ ಮೇಳಗಳಲ್ಲಿ ಪದ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಬರೆದರು. 'ನಾಗಶ್ರೀ' ಅವರದೇ ರಚನೆ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅಷ್ಟು ಚಿಕ್ಕ ಆಯುಷ್ಯದಲ್ಲಿ ಬಡಗುತಿಟ್ಟಿನ ಭಾಗವತಿಕೆಯ ಶೈಲಿಯನ್ನೇ ಬದಲಾಯಿಸಿ ಹೋದರು. ಅವರ ನಂತರ ಬಂದ ಭಾಗವತರಲ್ಲಿ ಅವರನ್ನು ಅನುಕರಿಸಿದವರು ಬಹಳ, ಅನುಕರಿಸಬಾರದು ಎಂದು ಹಟ ತೊಟ್ಟವರು ಕೆಲವರು. ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರು ಇಲ್ಲ.

ಈ ಮನುಷ್ಯನಿಗೆ ನಾವು ಕೊಟ್ಟ ಬಿರುದು ಯಾವುದು? ಕೋಗಿಲೆ. ಕರಾವಳಿಯ ಕೋಗಿಲೆ, ಯಕ್ಷರಂಗದ ಕೋಗಿಲೆ. ಪ್ರೀತಿಯಿಂದಲೇ ಕೊಟ್ಟಿದ್ದು, ಅನುಮಾನವಿಲ್ಲ. ಆದರೆ ಕೋಗಿಲೆ ಪದ ಬರೆಯುವುದಿಲ್ಲ. ಈ ಮಾತಿಗೆ ಈ ರಾಗ ಕೂಡಿತೇ ಎಂದು ಕೋಗಿಲೆ ರಾತ್ರಿ ಕೂತು ಯೋಚಿಸುವುದಿಲ್ಲ. ಅದರ ಕಂಠ ಅದಕ್ಕೆ ದೇವರು ಕೊಟ್ಟದ್ದು. ಒಬ್ಬ ಮನುಷ್ಯನನ್ನು ಕೋಗಿಲೆ ಎಂದ ಕೂಡಲೇ ಅವನ ಬುದ್ಧಿ, ಓದು, ಆಯ್ಕೆ, ಧೈರ್ಯ ಎಲ್ಲವನ್ನೂ ತೆಗೆದು ಪಕ್ಕಕ್ಕಿಟ್ಟು ಗಂಟಲನ್ನು ಮಾತ್ರ ಹೊಗಳಿದ ಹಾಗೆ. ನಾವಡರ ವಿಷಯದಲ್ಲಿ ಆದದ್ದು ಇದೇ. ಅಭಿಮಾನಿಗಳು ದನಿಯನ್ನು ಪೂಜಿಸಿದರು. ಸಾಹಿತ್ಯದವರು ಪದಗಳ ಕಡೆ ತಿರುಗಿಯೂ ನೋಡಲಿಲ್ಲ. ಇಬ್ಬರೂ ಸೇರಿ ಒಬ್ಬ ಕವಿಯನ್ನು ಕಾಣದಂತೆ ಮಾಡಿದರು.

ಯಕ್ಷಗಾನದಲ್ಲಿ ಬರೆಯುವುದಕ್ಕೂ ಹಾಡುವುದಕ್ಕೂ ಇರುವ ನಂಟು ಎಂಥದು ಎನ್ನುವುದನ್ನು ಆಟ ನೋಡದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಸಂಗ ಎನ್ನುವುದು ನಾಟಕದ ಪುಸ್ತಕವಲ್ಲ. ಅದರಲ್ಲಿ ಮಾತು ಬರೆದಿರುವುದಿಲ್ಲ, ಪದ್ಯ ಮಾತ್ರ ಇರುತ್ತದೆ. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ನಮೂದಾಗಿರುತ್ತದೆ: ಏಕ, ಝಂಪೆ, ರೂಪಕ, ತ್ರಿವುಡೆ, ಅಷ್ಟ. ನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ. ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಆಮೇಲೆ ಆ ಪದ್ಯದ ಅರ್ಥವನ್ನು ತನ್ನದೇ ಮಾತಿನಲ್ಲಿ, ಸ್ಥಳದಲ್ಲೇ ಕಟ್ಟಿ ಹೇಳುತ್ತಾನೆ. ಹಾಗಾಗಿ ಪ್ರಸಂಗದ ಕವಿಗೆ ಕಾಗದದ ಮೇಲಿನ ಕವಿಗಿಲ್ಲದ ಕಷ್ಟಗಳಿವೆ. ಅಕ್ಷರ ತಾಳದ ಮಾತ್ರೆಗೆ ಕೂರಬೇಕು. ಕುಣಿಯುವ ಕಾಲಿಗೆ ಪೆಟ್ಟು ಬೀಳುವಲ್ಲಿ ಗಟ್ಟಿ ಅಕ್ಷರ ಇರಬೇಕು. ಭಾವ ಎಳೆಯುವಲ್ಲಿ ದೀರ್ಘ ಸಿಗಬೇಕು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಪದ್ಯ ಎಲ್ಲವನ್ನೂ ಹೇಳಿ ಮುಗಿಸಬಾರದು. ಅರ್ಥಧಾರಿಗೆ ಜಾಗ ಬಿಡಬೇಕು. ಪೂರ್ತಿ ಹೇಳಿದ ಪದ್ಯ ರಂಗದ ಮೇಲೆ ಸತ್ತುಹೋಗುತ್ತದೆ.

ಈಗ ಇದನ್ನು ಬರೆಯುವವನೇ ಭಾಗವತನೂ ಆಗಿದ್ದರೆ? ಭಾಗವತನೆಂದರೆ ಆ ರಾತ್ರಿಯ ನಿರ್ದೇಶಕ. ಯಾವ ಪದ್ಯ ಎಷ್ಟು ಹೊತ್ತು, ಯಾವುದನ್ನು ಬಿಡುವುದು, ಯಾವ ವೇಷಕ್ಕೆ ಎಷ್ಟು ಹಗ್ಗ ಕೊಡುವುದು, ನಿದ್ದೆಗೆ ಜಾರುವ ಸಭೆಯನ್ನು ಯಾವ ಏರುಸ್ವರದಲ್ಲಿ ಎಬ್ಬಿಸುವುದು, ಎಲ್ಲವೂ ಅವನ ಕೈತಾಳದಲ್ಲಿ. ಬರೆದ ಪದ್ಯ ನಿಂತಿತೋ ಬಿದ್ದಿತೋ ಎಂದು ತಿಳಿಯಲು ಅವನು ವಿಮರ್ಶೆಗಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಅದೇ ರಾತ್ರಿ ಗೊತ್ತಾಗುತ್ತದೆ. ನಾಳೆ ರಾತ್ರಿ ಬೇರೆ ಊರಿನ ಬಯಲಲ್ಲಿ ತಿದ್ದಿ ಹಾಡಬಹುದು. ಜಗತ್ತಿನ ಎಷ್ಟು ಹಾಡುಗಾರ ಕವಿಗಳಿಗೆ ಇಂಥ ಕಮ್ಮಟ ಸಿಕ್ಕಿದೆ? ಗಿಟಾರು ಹಿಡಿದು ಮೂರೂವರೆ ನಿಮಿಷ ಹಾಡುವುದು ಸಣ್ಣ ಕೆಲಸವಲ್ಲ. ಆದರೆ ಒಂದು ಇಡೀ ರಾತ್ರಿಯನ್ನು ತನ್ನ ಪದಗಳ ಮೇಲೆ, ತನ್ನ ದನಿಯ ಮೇಲೆ ನಡೆಸುವವನನ್ನು ಬಿಟ್ಟು 'ಸಿಂಗರ್-ಸಾಂಗ್‌ರೈಟರ್' ಚರಿತ್ರೆ ಬರೆದರೆ ಅದು ಯಾರ ಚರಿತ್ರೆ?

ಇಲ್ಲಿಗೆ ಬಂದಾಗ ನಮ್ಮ ಸಾಹಿತ್ಯದವರು ಮೂರು ಆಕ್ಷೇಪ ಎತ್ತುತ್ತಾರೆ. ಮೂರನ್ನೂ ನಾನು ಬೇರೆ ಬೇರೆ ವೇದಿಕೆಗಳಲ್ಲಿ ಕೇಳಿದ್ದೇನೆ.

ಮೊದಲನೆಯದು: ಪ್ರಸಂಗದ ಪದ್ಯ ಓದಿದರೆ ಸಪ್ಪೆ, ಹಾಡಿದರಷ್ಟೇ ರುಚಿ. ಸರಿ, ಹಾಗಾದರೆ ಹಾಡಿಸಿ ಕೇಳಿ. ದಾಸರ ಪದಗಳನ್ನು ನಾವು ರಾಗದಿಂದ ಬಿಡಿಸಿ ತಕ್ಕಡಿಗೆ ಹಾಕಿದೆವೇ? ಶರೀಫರನ್ನು? 2016ರಲ್ಲಿ ಬಾಬ್ ಡಿಲನ್‌ಗೆ ನೊಬೆಲ್ ಬಂದಾಗ ಕನ್ನಡದಲ್ಲೂ ಸಂಭ್ರಮಿಸಿದವರಿದ್ದರು. ಹಾಡೂ ಸಾಹಿತ್ಯವೇ ಎಂದು ಲೇಖನ ಬರೆದರು. ಅಮೆರಿಕದ ಹಾಡುಗಾರನಿಗೆ ಸಲ್ಲುವ ನ್ಯಾಯ ಗುಂಡ್ಮಿಯ ಹಾಡುಗಾರನಿಗೆ ಯಾಕೆ ಸಲ್ಲುವುದಿಲ್ಲ? ಹಾರ್ಮೋನಿಕಾಕ್ಕೆ ಇರುವ ಮರ್ಯಾದೆ ಚಂಡೆ-ಮದ್ದಳೆಗೆ ಇಲ್ಲವೇ?

ಎರಡನೆಯದು: ಡೇರೆ ಮೇಳದ ಹೊಸ ಪ್ರಸಂಗಗಳು ಟಿಕೆಟ್ಟಿಗಾಗಿ ಬರೆದವು, ಸಿನಿಮಾದ ನೆರಳು. ಈ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆ ಕಾಲದ ಕಾಲ್ಪನಿಕ ಪ್ರಸಂಗಗಳಲ್ಲಿ ಶಾಪ, ಕಳೆದುಹೋದ ಮಕ್ಕಳು, ಅರಮನೆಯ ಪಿತೂರಿ ಮತ್ತೆ ಮತ್ತೆ ಬರುತ್ತವೆ. ನೋಡಿದವರಿಗೆ ಬೇಸರ ಬಂದದ್ದೂ ಇದೆ. ಆದರೆ ಟಿಕೆಟ್ಟಿಗಾಗಿ ಬರೆದದ್ದೆಲ್ಲ ಕಸ ಎಂದಾದರೆ ಷೇಕ್ಸ್‌ಪಿಯರನನ್ನೂ ಗುಡಿಸಿ ಹಾಕಬೇಕಾಗುತ್ತದೆ. ಅವನ ನಾಟಕ ನಿಂತದ್ದೂ ಬಾಗಿಲಲ್ಲಿ ಕೊಟ್ಟ ಕಾಸಿನ ಮೇಲೆಯೇ. ಕಳಪೆಯನ್ನು ಕಳಪೆ ಎನ್ನಲು ಮೊದಲು ಅದನ್ನು ಕೈಗೆ ತೆಗೆದುಕೊಂಡು ಓದಬೇಕು. ಓದದೆ ಕೊಟ್ಟ ತೀರ್ಪನ್ನು ವಿಮರ್ಶೆ ಎನ್ನುವುದಿಲ್ಲ, ಜಾತಿ ಕೇಳಿ ಪಂಕ್ತಿಯಿಂದ ಎಬ್ಬಿಸಿದಂತೆ ಅದು.

ಮೂರನೆಯದು ಬಹಳ ಸಭ್ಯವಾದದ್ದು: ಯಕ್ಷಗಾನಕ್ಕೆ ಅದರದೇ ಅಕಾಡೆಮಿ ಇದೆ, ಅದರದೇ ಪ್ರಶಸ್ತಿಗಳಿವೆ, ಮತ್ತೇನು? ನನಗೆ ಹೆಚ್ಚು ಸಿಟ್ಟು ಬರುವುದು ಈ ಸಭ್ಯತೆಯ ಮೇಲೆ. ಬೇರೆ ಕೋಣೆ ಕಟ್ಟಿಕೊಟ್ಟು, ಇನ್ನು ಹಜಾರಕ್ಕೆ ಬರಬೇಡಿ ಎನ್ನುವ ಉಪಾಯ ಇದು. ಒಂದು ಸಂಗತಿ ಹೇಳುತ್ತೇನೆ. ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕಾದಂಬರಿಗೂ ಅಲ್ಲ, 'ಯಕ್ಷಗಾನ ಬಯಲಾಟ' ಎಂಬ ಸಂಶೋಧನ ಗ್ರಂಥಕ್ಕೆ. ಅರ್ಹವಾದ ಪ್ರಶಸ್ತಿ, ದೊಡ್ಡ ಪುಸ್ತಕ. ಆದರೆ ಆಟದ ಬಗ್ಗೆ ಬರೆದ ಪುಸ್ತಕ ಸಾಹಿತ್ಯ ಎಂದಾದರೆ ಆಟಕ್ಕೆ ಬರೆದ ಪದ್ಯ ಏನು? ಪ್ರಸಂಗ ಸಂಪುಟವೊಂದಕ್ಕೆ ಕನ್ನಡದಿಂದ ಆ ಪ್ರಶಸ್ತಿ ಇಂದಿಗೂ ಹೋಗಿಲ್ಲ. ಮಾವಿನ ಮೇಲಿನ ಪ್ರಬಂಧಕ್ಕೆ ಬಹುಮಾನ, ಮಾವಿನಮರಕ್ಕೆ ಕೊಡಲಿ.

ಇದು ನಾವಡರೊಬ್ಬರ ಕತೆಯಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಎಂಬ ಯುವಕ ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಹುಟ್ಟಿದ್ದು 1870, ತೀರಿಕೊಂಡದ್ದು 1901. ನಾವಡರಷ್ಟೇ ಚಿಕ್ಕ ಆಯುಷ್ಯ. ನಾವು ಅವರನ್ನು ಮುದ್ದಣ ಎನ್ನುತ್ತೇವೆ. ಮುದ್ದಣ-ಮನೋರಮೆಯರ ಸಲ್ಲಾಪ ಓದದೆ ಕನ್ನಡದಲ್ಲಿ ಪರೀಕ್ಷೆ ದಾಟಿದವರು ಕಡಿಮೆ. ಆದರೆ 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನೂ ಬರೆದವರು ಅವರೇ. ನನಗೆ ಪಾಠ ಮಾಡಿದ ಯಾವ ಮೇಷ್ಟರೂ ಆ ಪದ್ಯಗಳ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆಯಲಿಲ್ಲ. ಒಬ್ಬನೇ ಕವಿಯನ್ನು ನಡುವೆ ಸೀಳಿ, ಅಚ್ಚಿನ ಮನೆಗೆ ಹೋದ ಅರ್ಧವನ್ನು ಸಾಹಿತ್ಯ ಎಂದೆವು, ರಂಗಸ್ಥಳಕ್ಕೆ ಹೋದ ಅರ್ಧವನ್ನು ಅಲ್ಲೇ ಬಿಟ್ಟೆವು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪದ್ಯಗಳು ಎಷ್ಟೋ ತಲೆಮಾರುಗಳ ಬಾಯಲ್ಲಿವೆ. ಆದರೂ ಸಾಹಿತ್ಯ ಚರಿತ್ರೆಗಳಲ್ಲಿ ಅವನ ಊರು, ಕಾಲ, ಕರ್ತೃತ್ವದ ಜಗಳಕ್ಕೆ ಸಿಕ್ಕ ಜಾಗ ಅವನ ಕಾವ್ಯಕ್ಕೆ ಸಿಕ್ಕಿಲ್ಲ.

ಹಾಗೆಂದು ನಮ್ಮ ಯಕ್ಷಗಾನದ ಅಭಿಮಾನಿಗಳನ್ನು ಬಿಟ್ಟುಕೊಡಲಾರೆ. ನಾವಡರ ಹಳೆಯ ಧ್ವನಿಮುದ್ರಣಗಳು ಇಂದು ಮೊಬೈಲಿನಲ್ಲಿ ಓಡಾಡುತ್ತವೆ. ಮೀನು ಮಾರ್ಕೆಟ್ಟಿನಿಂದ ಮದುವೆ ಮನೆಯ ಅಡುಗೆ ಕೊಟ್ಟಿಗೆಯವರೆಗೆ ಕೇಳಿದ್ದೇನೆ. ಅವುಗಳ ಮೇಲೆ ಭಾಗವತರ ಹೆಸರಿರುತ್ತದೆ, ವೇಷಧಾರಿಗಳ ಹೆಸರಿರುತ್ತದೆ. ಪದ್ಯ ಯಾರದು? ಬಹುಪಾಲು ಇರುವುದಿಲ್ಲ. ಕೇಳಿದರೆ 'ಪದ್ಯ ಯಾರದ್ದಾದ್ರೆ ಏನು ಮಾರಾಯ, ಸ್ವರ ಕೇಳು' ಎಂಬ ಉತ್ತರ. ಇನ್ನು ಅವರ ಸಾವಿನ ಸುತ್ತ ಕಟ್ಟಿದ ಕಣ್ಣೀರು. ಬದುಕಿದ್ದರೆ ಏನಾಗುತ್ತಿದ್ದರೋ ಎಂದು ನಿಟ್ಟುಸಿರು ಬಿಡುವವರು, ಬದುಕಿದ್ದಾಗ ಅವರು ಬರೆದು ಇಟ್ಟುಹೋದದ್ದನ್ನು ಒಮ್ಮೆ ಕೂತು ಓದಿದ್ದಾರೆಯೇ? ಸತ್ತ ಯುವಕನನ್ನು ದಂತಕತೆ ಮಾಡುವುದು ಸುಲಭ, ಅದಕ್ಕೆ ಓದು ಬೇಡ.

ಇದರಿಂದ ಇವತ್ತು ಯಾರಿಗೆ ನಷ್ಟ? ಸತ್ತವರಿಗಲ್ಲ. ನಮ್ಮ ಊರುಕಡೆ ಈಗಲೂ ಪದ್ಯ ಕಟ್ಟುವ ಹುಡುಗರಿದ್ದಾರೆ. ಡಿಗ್ರಿ ಓದುತ್ತಾ, ರಾತ್ರಿ ಆಟಕ್ಕೆ ಹೋಗುತ್ತಾ, ಝಂಪೆಗೆ ಅಕ್ಷರ ಎಣಿಸಿ ಕೂರಿಸುವವರು. ಅವರು ಕವನ ಸ್ಪರ್ಧೆಗೆ ಕಳಿಸಿದರೆ 'ಇದು ಪ್ರಾಸದ ಹಳೇ ಪದ್ಯ' ಎಂದು ಪಕ್ಕಕ್ಕೆ ಸರಿಸುತ್ತಾರೆ. ಮೇಳಕ್ಕೆ ಕೊಟ್ಟರೆ ಹೆಸರು ಉಳಿಯುವುದಿಲ್ಲ. ಕೊನೆಗೆ ಹುಡುಗ ಒಂದೋ ಬರೆಯುವುದನ್ನು ನಿಲ್ಲಿಸುತ್ತಾನೆ, ಇಲ್ಲವೇ ತನಗೆ ಬರುವ ಛಂದಸ್ಸನ್ನು ಬಿಟ್ಟು ಎಲ್ಲರೂ ಬರೆಯುವ ಹಾಗೆ ಸಾಲು ಮುರಿದು ಬರೆಯುತ್ತಾನೆ. ಶತಮಾನಗಳಿಂದ ಉಳಿದುಬಂದ ಒಂದು ಕಸುಬು ಹೀಗೆ ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ.

ನಾನು ಕೇಳುತ್ತಿರುವುದು ಪ್ರತಿಮೆ ಅಲ್ಲ, ರಸ್ತೆಗೆ ಹೆಸರೂ ಅಲ್ಲ. ನಾವಡರ ಪ್ರಸಂಗಗಳನ್ನು ಕಾವ್ಯ ಎಂದು ಓದಿ. ರಂಗದಲ್ಲಿ ಹಾಡಿದ ಪಾಠಕ್ಕೂ ಬರೆದ ಪಾಠಕ್ಕೂ ಎಲ್ಲಿ ವ್ಯತ್ಯಾಸ ಬಂತು ಎಂದು ಧ್ವನಿಮುದ್ರಣದ ಜೊತೆ ಹೋಲಿಸಿ. ಎಲ್ಲಿ ಚೆನ್ನಾಗಿದೆ, ಎಲ್ಲಿ ಸೋತಿದೆ ಎಂದು ನಿಷ್ಠುರವಾಗಿ ಬರೆಯಿರಿ. ಕನ್ನಡ ಎಂ.ಎ. ಮಾಡುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದಲ್ಲ, ಹತ್ತು ಸಂಶೋಧನೆಗೆ ಸಾಕಾಗುವಷ್ಟು ಕೆಲಸವಿದೆ. ಹೊಗಳಿಕೆ ಅವರಿಗೆ ಬೇಕಾದಷ್ಟು ಸಿಕ್ಕಿದೆ. ಸಿಗದೇ ಉಳಿದದ್ದು ವಿಮರ್ಶೆ, ಮತ್ತು ವಿಮರ್ಶೆ ಸಲ್ಲುವುದು ಕವಿಗೆ, ಕೋಗಿಲೆಗಲ್ಲ.