ತಿರುಗದ ತಿರುಪು

ಈಚೆಗೆ ಒಂದು ಭಾನುವಾರ ಒಂದು ಬೋಲ್ಟು ನನ್ನ ವಿದ್ಯೆಯನ್ನು ಪರೀಕ್ಷಿಸಿತು. ನಾನು ಅನುತ್ತೀರ್ಣನಾದೆ. ವರ್ಷವರ್ಷವೂ ಹುಡುಗರ ಉತ್ತರಪತ್ರಿಕೆಗಳ ಮೇಲೆ ಕೆಂಪು ಮಸಿಯಲ್ಲಿ ಗೀಟೆಳೆಯುವವನಿಗೆ ಇಂಥ ಅನುಭವ ಒಮ್ಮೊಮ್ಮೆ ಹಿತಕರವೆಂದು ಈಗ ತೋರುತ್ತದೆ. ಆ ದಿನ ಹಾಗೆ ತೋರಲಿಲ್ಲ.

ನಮ್ಮ ಅಕ್ಕನ ಮಗನಿಗೆ ಹದಿನಾರು ವರ್ಷ. ಮೈಸೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡೇ ಓದುತ್ತಾನೆ. ಭಾವನವರು ಕಳೆದ ವರ್ಷ ಅವನಿಗೊಂದು ಮೌಂಟನ್ ಬೈಕ್ ಕೊಡಿಸಿದರು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬೆಟ್ಟದ ಮಣ್ಣುಹಾದಿಗಳಲ್ಲಿ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳಿಜಾರಿಗೆ ಬಿಟ್ಟು ಪಂದ್ಯವಾಡುತ್ತಿದ್ದ ತರುಣರ ಹುಚ್ಚಿನಿಂದ ರೂಪುಗೊಂಡ ವಾಹನವಿದು. ನಮ್ಮ ಹುಡುಗನ ಹುಚ್ಚೂ ಅದೇ ಜಾತಿಯದು. ಮಳೆಗಾಲವೆಲ್ಲ ಕೆಸರಿನಲ್ಲಿ ಓಡಿಸಿ, ನೀರು ಹೊಯ್ದು, ಒರೆಸದೆ ಗೋಡೆಗೆ ಒರಗಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ತುಳಿದಾಗಲೆಲ್ಲ ‘ಕಟಕ್, ಕಟಕ್’ ಎಂಬ ಸದ್ದು ಕೇಳತೊಡಗಿತು. ನಡುವಿನ ಅಚ್ಚಿನ ಬೇರಿಂಗು ಸವೆದಿದೆಯೆಂದು ಅವನೇ ಕಂಡುಹಿಡಿದ. ತನ್ನ ಉಳಿತಾಯದ ಹಣದಲ್ಲಿ ಹೊಸದನ್ನು ತಂದ. ಅದನ್ನು ಕೂಡಿಸಬೇಕಾದರೆ ಎರಡೂ ಕ್ರ್ಯಾಂಕುಗಳು, ಅಂದರೆ ಪೆಡಲನ್ನು ಅಚ್ಚಿಗೆ ಸೇರಿಸುವ ತೋಳುಗಳು, ಹೊರಬರಬೇಕು. ಗೆಳೆಯನಿಂದ ಸಲಕರಣೆಗಳನ್ನು ಎರವಲು ತಂದು ಬಲಗಡೆಯದನ್ನು ಬಿಚ್ಚಿದ. ಎಡಗಡೆಯ ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಭಾವನವರು ಮುಂದಿನ ವಾರ ಬರುವವರಿದ್ದರು. ಸೈಕಲ್ಲನ್ನು ಜೋಪಾನ ಮಾಡದಿದ್ದರೆ ಮಾರಿಬಿಡುವೆನೆಂದು ಅವರು ಮೊದಲೇ ಎಚ್ಚರಿಸಿದ್ದುದು ನನಗೂ ಗೊತ್ತಿತ್ತು.

“ಮಾಮ, ಸ್ವಲ್ಪ ಹಿಡಿದುಕೊಳ್ಳುತ್ತೀರಾ?” ಎಂದ.

“ಹಿಡಿದುಕೊಳ್ಳುವುದೇನು, ಬಿಚ್ಚಿಯೇ ಕೊಡುತ್ತೇನೆ. ನೀನು ತಿರುಗಿಸುವ ದಿಕ್ಕೇ ತಪ್ಪು. ಎಡಗಡೆಯದು ಯಾವಾಗಲೂ ಉಲ್ಟಾ.”

“ಅದು ಪೆಡಲಿಗಲ್ಲವೇ, ಮಾಮ?”

“ಎಲ್ಲಾ ಒಂದೇ ಕಣೋ,” ಎಂದವನೇ ಅಲನ್ ಕೀಯನ್ನು ಇನ್ನೊಂದು ದಿಕ್ಕಿಗೆ ಮೈಭಾರವೆಲ್ಲ ಬಿಟ್ಟು ಒತ್ತಿದೆ. ಬೋಲ್ಟು ಕಾಲುಸುತ್ತು ತಿರುಗಿತು. ನಾನು ವಿಜಯದ ನಗೆ ನಕ್ಕೆ. ಮತ್ತೊಮ್ಮೆ ಒತ್ತಿದಾಗ ಕೀ ಜಾರಿ, ಗೆಣ್ಣುಗಳ ಚರ್ಮ ಸುಲಿದು, ಬೋಲ್ಟಿನ ಒಳಮೂಲೆಗಳು ತುಸು ಸವೆದುಹೋದವು. ನನ್ನಾಕೆ ಅರಿಸಿನ ತಂದು ಹಚ್ಚಿದಳು. ಒಂದು ಮಾತನ್ನೂ ಆಡಲಿಲ್ಲ. ಗಾಯಕ್ಕಿಂತ ಅದೇ ಹೆಚ್ಚು ಉರಿಯಿತು.

ನನ್ನ ತಪ್ಪಿಗೆ ತರ್ಕಶಾಸ್ತ್ರದಲ್ಲಿ ಒಳ್ಳೆಯ ಹೆಸರಿದೆ: ಅತಿವ್ಯಾಪ್ತಿ. ಒಂದಕ್ಕೆ ಸಲ್ಲುವ ಲಕ್ಷಣವನ್ನು ಸಲ್ಲದ ಇನ್ನೊಂದಕ್ಕೂ ಎಳೆದು ಹೊದಿಸುವುದು. ಎಡಗಡೆಯ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು ಎಂಬುದು ನಿಜ. ತುಳಿಯುವಾಗ ಭಾರ ಸುತ್ತುತ್ತ ಬೀಳುವುದರಿಂದ ಪೆಡಲಿನ ಕಡ್ಡಿ ತಾನಾಗಿಯೇ ಸಡಿಲವಾಗಬಹುದು. ಅದನ್ನು ತಡೆಯಲು ಮಾಡಿದ ಏರ್ಪಾಡು ಅದು. ಕ್ರ್ಯಾಂಕಿನ ಬೋಲ್ಟಿಗೆ ಆ ನಿಯಮವಿಲ್ಲ. ಎಡವಿರಲಿ ಬಲವಿರಲಿ, ಅದರ ತಲೆಯನ್ನು ನೋಡುತ್ತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಹುಡುಗ ತಿರುಗಿಸುತ್ತಿದ್ದುದೇ ಸರಿಯಾದ ದಿಕ್ಕು.

ಸೈಕಲ್ಲನ್ನು ತಳ್ಳಿಕೊಂಡು ಬೀದಿಯ ಕೊನೆಯ ಹಳೆಯ ಸೈಕಲ್ ಷಾಪಿಗೆ ಹೋದೆವು. ಯಜಮಾನರು ಕನ್ನಡಕವೇರಿಸಿ ನೋಡಿದರು.

“ಉಲ್ಟಾ ಬಿಗಿದಿದ್ದಾರಲ್ಲ, ಯಾರು ಈ ಕೆಲಸ ಮಾಡಿದ್ದು?”

ನಾನು ಬಾಯಿ ತೆರೆಯುವುದರೊಳಗೆ ಹುಡುಗ, “ನಾನೇ,” ಎಂದುಬಿಟ್ಟ.

ಮೇಷ್ಟರ ಮಾನವನ್ನು ಶಿಷ್ಯನೊಬ್ಬ ಕಾಪಾಡಲೆತ್ನಿಸಿದ್ದು ಅದೇ ಮೊದಲು. ಸುಮ್ಮನಿರಬಹುದಾಗಿತ್ತು. ಒಂದು ಗಳಿಗೆ ಸುಮ್ಮನೆಯೂ ಇದ್ದೆ. ಆಮೇಲೆ, “ಅವನಲ್ಲ, ನಾನು,” ಎಂದೆ. ಯಜಮಾನರು ನನ್ನ ಅರಿಸಿನದ ಕೈಯನ್ನು ನೋಡಿ, “ಗೊತ್ತಾಯಿತು ಬಿಡಿ, ಮೇಷ್ಟ್ರೇ,” ಎಂದರು.

ನಾನು ಸುತ್ತಿಗೆಯ ಮಾತೆತ್ತಿದೆ. ನಮ್ಮ ತಂದೆಯವರ ಸೈಕಲ್ಲಿನ ಕಾಟರ್ ಪಿನ್ನು ಎರಡೇಟಿಗೆ ಹೊರಬರುತ್ತಿದ್ದುದು ನನಗೆ ನೆನಪಿತ್ತು. “ಅದು ಉಕ್ಕಿಗೂ ಉಕ್ಕಿಗೂ ಜಗಳ. ಈ ತೋಳು ಅಲ್ಯೂಮಿನಿಯಂ, ಪೆಟ್ಟು ತಡೆಯುವುದಿಲ್ಲ,” ಎಂದರು. ಉಕ್ಕು ಅಲ್ಯೂಮಿನಿಯಂಗಳ ನಡುವೆ ನೀರು ನಿಂತರೆ ಸಣ್ಣದೊಂದು ವಿದ್ಯುತ್ಕೋಶವೇ ಆಗಿ ಲೋಹ ಕೊರೆಯುತ್ತದೆ. ಉಕ್ಕಿನ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು ತಿರುಪನ್ನು ಬಿಗಿಯುತ್ತದೆ. ಅಲ್ಲಿ ಬಲಕ್ಕಿಂತ ಮುಂಚೆ ಕಾಲ ಕೆಲಸ ಮಾಡಬೇಕು. ಅವರು ಬೋಲ್ಟಿನ ಗುಳಿಯಲ್ಲಿದ್ದ ಕೆಸರನ್ನು ದಬ್ಬಳದಿಂದ ಕೆದಕಿ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಸುತ್ತಲೂ ತೊಟ್ಟಿಕ್ಕಿಸಿ, “ನಾಳೆ ಬನ್ನಿ,” ಎಂದರು.

ಮರುದಿನ 8 ಮಿಲಿಮೀಟರಿನ ಅಲನ್ ಕೀಯನ್ನು ಗುಳಿಯ ತಳ ಮುಟ್ಟುವಂತೆ ಮೆಲ್ಲಗೆ ತಟ್ಟಿ ಕೂಡಿಸಿದರು. ಅದರ ಹಿಡಿಗೆ ಉದ್ದನೆಯ ಕಬ್ಬಿಣದ ಕೊಳವೆ ತೊಡಿಸಿದರು. ಲೆಕ್ಕ ಸುಲಭ: 20 ಸೆಂಟಿಮೀಟರಿನ ಹಿಡಿಯ ತುದಿಯಲ್ಲಿ 20 ಕಿಲೋ ಭಾರ ಬೇಕಾದ ಕಡೆ, 60 ಸೆಂಟಿಮೀಟರಿನ ಕೊಳವೆಯ ತುದಿಯಲ್ಲಿ 7 ಕಿಲೋ ಧಾರಾಳವಾಯಿತು. ಕ್ರ್ಯಾಂಕನ್ನು ಮುಂದಿನ ಚಕ್ರದ ಕಡೆಗೆ ಚಾಚಿ ನಿಲ್ಲಿಸಿ, ಕೊಳವೆಯನ್ನು ಅದರ ಮೇಲೆ ಕತ್ತರಿಯ ಇನ್ನೊಂದು ಅಲಗಿನಂತೆ ಇಟ್ಟುಕೊಂಡರು. ಹುಡುಗ ಪೆಡಲನ್ನು ಕೆಳಗಿನಿಂದ ಎತ್ತಿ ಹಿಡಿದ. ಅವರು ಕೊಳವೆಯನ್ನು ಮೇಲಿನಿಂದ ಒತ್ತಿದರು. ‘ಟಕ್’ ಎಂದಿತು. ಮುರಿಯಿತೆಂದು ನನ್ನ ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು.

ಬೋಲ್ಟು ಬಂದ ಮಾತ್ರಕ್ಕೆ ಕ್ರ್ಯಾಂಕು ಬಾರದು. ಅಚ್ಚಿನ ಚೌಕಾಕಾರದ ತುದಿಗೆ ಅದು ಬೆಣೆಯಂತೆ ಬಿಗಿದಿರುತ್ತದೆ. ಎಳೆಯಲು ಪುಲ್ಲರ್ ಬೇಕು. ಒಳಗೆ ವಾಷರು ಉಳಿದಿಲ್ಲವೆಂದು ನೋಡಿಕೊಂಡು, ಪುಲ್ಲರನ್ನು ಮೊದಲು ಬೆರಳಿನಿಂದಲೇ ಸಲೀಸಾಗಿ ಕೊನೆಯವರೆಗೆ ತಿರುಗಿಸಬೇಕು. ಅರ್ಧಕ್ಕೇ ನಿಲ್ಲಿಸಿ ಬಲ ಹಾಕಿದರೆ ಅಲ್ಯೂಮಿನಿಯಂನ ಮೆತ್ತನೆಯ ಥ್ರೆಡ್ಡು ಕಿತ್ತುಬರುತ್ತದೆ. ಮನೆಯಲ್ಲಿ ಇಂಥ ಸೈಕಲ್ಲಿರುವ ಓದುಗರು ಇದಿಷ್ಟನ್ನು ನೆನಪಿಟ್ಟರೆ ನನ್ನ ಗೆಣ್ಣುಗಳ ನೋವು ಸಾರ್ಥಕ.

ಹೊಸ ಬೋಲ್ಟಿನ ತಿರುಪಿಗೆ ಗ್ರೀಸು ಹಚ್ಚುವ ಕೆಲಸವನ್ನು ಯಜಮಾನರು ಹುಡುಗನಿಗೇ ಕೊಟ್ಟರು. “ಚೆನ್ನಾಗಿ ಹಚ್ಚಪ್ಪ, ಮುಂದೆ ಬಿಚ್ಚುವವನು ನಿನ್ನನ್ನು ಬಯ್ಯಬಾರದು,” ಎಂದರು.

ಭಾವನವರು ಬಂದರು, ಸೈಕಲ್ಲು ಸದ್ದಿಲ್ಲದೆ ಓಡುವುದನ್ನು ಕಂಡು ಸಂತೋಷಪಟ್ಟರು. ನನ್ನ ಕೈಗೇನಾಯಿತೆಂದು ಕೇಳಿದಾಗ ಹುಡುಗ ನನ್ನ ಮುಖ ನೋಡಿದ. ಈ ಸಲ ಅವನಿಗೆ ಅವಕಾಶ ಕೊಡದೆ ನಾನೇ ಹೇಳಿದೆ.

ಸವೆದ ಬೋಲ್ಟು ನನ್ನ ಮೇಜಿನ ಮೇಲಿದೆ. ಉತ್ತರಪತ್ರಿಕೆಗಳು ಗಾಳಿಗೆ ಹಾರದಂತೆ ಅದನ್ನೇ ಇಡುತ್ತೇನೆ. ತಿಳಿದಷ್ಟನ್ನು ತಿಳಿಯದ ಕಡೆಗೂ ಎಳೆದು ಬರೆದ ಉತ್ತರ ಕಂಡಾಗ, ಗೀಟೆಳೆಯುವ ಮೊದಲು ಕೈ ತುಸು ತಡೆಯುತ್ತದೆ.