ಘಾಟಿಯ ಬ್ರೇಕು ಮತ್ತು ಕಡಿದ ತಂತಿ

ಹೋಟೆಲಿನ ಕೆಲಸ ಬಿಟ್ಟು ಲಾರಿಯ ಸ್ಟಿಯರಿಂಗು ಹಿಡಿದವರು ನಮ್ಮಲ್ಲಿದ್ದಾರೆ. ಗಿರಣಿ ಮುಚ್ಚಿದ ಮೇಲೆ ಮಗನನ್ನು ಕ್ಲೀನರನಾಗಿ ಕಳಿಸಿದ ಮನೆಗಳೂ ಉಂಟು. ಹೈದರಾಬಾದಿನ ಆಟೋನಗರದಲ್ಲಿ ದುರಸ್ತಿಯ ಕೆಲಸ ಕಲಿಯುತ್ತಿರುವ ಹುಡುಗರೂ ನಮ್ಮವರೇ. ಆದುದರಿಂದ ಎಕ್ಸಾಸ್ಟ್ ಬ್ರೇಕಿನ ತಂತಿಯ ಮಾತು ನಮ್ಮ ಪತ್ರಿಕೆಗೆ ಹೊರಗಿನದಲ್ಲ.

ಈ ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಇಂಜಿನನ್ನು ಹಿಡಿಯುತ್ತದೆ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಮುಚ್ಚಳ ತಿರುಗಿ ದಾರಿ ಕಟ್ಟುತ್ತದೆ. ಒಳಗಿನ ಗಾಳಿಯನ್ನು ಹೊರದೂಡಲು ಪಿಸ್ಟನ್ನುಗಳು ಹೆಣಗಬೇಕಾಗುತ್ತದೆ; ಆ ಹೆಣಗಾಟ ಗೇರಿನ ಮೂಲಕ ಚಕ್ರಕ್ಕೆ ತಲುಪಿ ಲಾರಿಯ ಓಟ ತಗ್ಗುತ್ತದೆ. ಗಿರಣಿಯ ಬಾಯ್ಲರಿನ ಮುಂದೆ ನಿಂತವರಿಗೆ ಚಿಮಣಿಯ ಡ್ಯಾಂಪರು ಗೊತ್ತಷ್ಟೆ, ಇದೂ ಅದೇ ಜಾತಿಯದು. ಶಿರಾಡಿ ಘಾಟಿಯಲ್ಲೋ ಶ್ರೀಶೈಲದ ಅಣೆಕಟ್ಟಿನತ್ತ ಇಳಿಯುವ ರಸ್ತೆಯಲ್ಲೋ ಕಾಲಿನ ಬ್ರೇಕನ್ನೇ ಒತ್ತಿಕೊಂಡು ಬಂದರೆ ಡ್ರಮ್ಮು, ಲೈನರು ಕಾದು, ಬೇಕಾದ ತಿರುವಿನಲ್ಲೇ ಹಿಡಿತ ತಪ್ಪುತ್ತದೆ. ಡೀಸೆಲು ಉಳಿಸಲು ನ್ಯೂಟ್ರಲಿನಲ್ಲಿ ಬಿಟ್ಟರಂತೂ ಎಕ್ಸಾಸ್ಟ್ ಬ್ರೇಕು ಇದ್ದೂ ಇಲ್ಲದಂತೆ.

ಅಮೆರಿಕದಲ್ಲಿ ಡೀಸೆಲ್ ಇಂಜಿನು ತಯಾರಿಸುತ್ತಿದ್ದ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಕ್ಯಾಲಿಫೋರ್ನಿಯಾದ ಕಾಹೋನ್ ಘಾಟಿ ಇಳಿಯುವಾಗ ಬ್ರೇಕು ಹಿಡಿಯದೆ ಪ್ರಾಣಾಪಾಯದಿಂದ ಪಾರಾದರು. ಮುಂದೆ ಇಂಜಿನಿನಿಂದಲೇ ಲಾರಿಯನ್ನು ತಡೆಯುವ ಇನ್ನೊಂದು ಬಗೆಯ ಬ್ರೇಕನ್ನು ಅವರು ಕಂಡುಹಿಡಿದರು. ಅದು 1961ರಲ್ಲಿ ಮಾರುಕಟ್ಟೆಗೆ ಬಂತು. ಯಜಮಾನನೇ ಲಾರಿಯಲ್ಲಿ ಕೂತಿದ್ದರಿಂದ ಉಪಾಯ ಹೊಳೆಯಿತು! ನಮ್ಮ ಮಾಲೀಕರಲ್ಲಿ ಎಷ್ಟು ಮಂದಿ ಘಾಟಿಯಲ್ಲಿ ಡ್ರೈವರನ ಪಕ್ಕ ಕೂರುತ್ತಾರೆ?

ಇನ್ನು ತಂತಿಯ ವಿಷಯ. ಫ್ಯೂಸು ದಾಟಿ ಬಂದ ಕರೆಂಟು ಡ್ಯಾಶಿನ ಸ್ವಿಚ್ಚಿನ ಮೂಲಕ ಸೊಲೆನಾಯ್ಡ್ ವಾಲ್ವಿಗೆ ಹೋಗುತ್ತದೆ. ವಾಲ್ವು ಟ್ಯಾಂಕಿಯ ಗಾಳಿ ಬಿಟ್ಟಾಗ ಮುಚ್ಚಳ ತಿರುಗುತ್ತದೆ. ನಡುವೆ ಆಕ್ಸಿಲರೇಟರಿನದೊಂದು, ಕ್ಲಚ್ಚಿನದೊಂದು, ಹೀಗೆ ಎರಡು ಸ್ವಿಚ್ಚು ಒಂದರ ಹಿಂದೊಂದು ಇರತಕ್ಕದ್ದು. ಯಾವ ಪೆಡಲು ಒತ್ತಿದರೂ ಕರೆಂಟು ಕಡಿಯಬೇಕು. ಅವಸರದ ಮಿಸ್ತ್ರಿ ಇವೆರಡನ್ನೂ ಬಿಟ್ಟು ನೇರ ಜೋಡಿಸಿದರೆ, ಗೇರು ಬದಲಿಸಲು ಕ್ಲಚ್ಚು ಒತ್ತಿದ ಕೂಡಲೆ ಇಂಜಿನು ನಿಂತುಹೋಗಬಹುದು. ಪವರ್ ಸ್ಟಿಯರಿಂಗಿನ ನೆರವೂ ಗಾಳಿ ತುಂಬುವ ಕಂಪ್ರೆಸರೂ ಅದರೊಡನೆ ನಿಂತಂತೆಯೇ. 24 ವೋಲ್ಟಿನ ಲಾರಿಗೆ 12 ವೋಲ್ಟಿನ ವಾಲ್ವು ಕಟ್ಟುವುದು, ಕಾಯುವ ಕೊಳವೆಗೆ ತಗಲುವಂತೆ ತಂತಿ ಎಳೆಯುವುದು, ತುಕ್ಕಿನ ಮೇಲೆ ಅರ್ತು ಬಿಗಿಯುವುದು ಇವೂ ಅದೇ ಅವಸರದ ಮಕ್ಕಳು. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಇಂಜಿನಿನ ಲೆಕ್ಕವನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದೆ. ಅಲ್ಲಿ ತಂತಿ ಕಡಿದು ಸೇರಿಸುವ ಸಾಹಸ ಬೇಡ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಈ ತಂತಿ ಕಡಿದರೆ ಸುದ್ದಿಯೇ ತಿಳಿಯದು. ಕರೆಂಟು ಇಲ್ಲದಾಗ ಮುಚ್ಚಳ ತೆರೆದೇ ಇರುತ್ತದೆ, ಇಂಜಿನು ಚೆನ್ನಾಗಿಯೇ ಓಡುತ್ತದೆ, ಮಾಲೀಕರಿಗೆ ಒಂದು ಕಾಸೂ ನಷ್ಟವಿಲ್ಲ. ಹೈದರಾಬಾದು-ಸೊಲ್ಲಾಪುರದ ರಸ್ತೆ ಬಹುಮಟ್ಟಿಗೆ ಸಮತಟ್ಟು. ವರ್ಷಗಟ್ಟಲೆ ಅಲ್ಲೇ ಓಡಿದ ಲಾರಿಯನ್ನು ಒಂದು ದಿನ ಮಂಗಳೂರಿನ ಲೋಡಿಗೆ ಕಳಿಸಿದಾಗ ಸಕಲೇಶಪುರ ದಾಟಿದ ಮೇಲೆ ಡ್ರೈವರನಿಗೆ ನಿಜ ತಿಳಿಯುತ್ತದೆ. ನಮ್ಮ ಕಚೇರಿಗೆ ಬಂದ ಒಬ್ಬ ಡ್ರೈವರ್ ಬಂಧು, ಈ ದುರಸ್ತಿ ಕೇಳಿದ್ದಕ್ಕೆ "ನಿಧಾನ ಹೋಗು, ಅಷ್ಟೆ" ಎಂಬ ಉತ್ತರ ಸಿಕ್ಕಿತೆಂದರು. ನಿಧಾನ ಹೋಗುವವರಿಗೆ ತಡವಾಯಿತೆಂದು ಭತ್ತೆ ಕಡಿಯುವವರೂ ಅದೇ ಯಜಮಾನರು.

ಬಂಧುಗಳು ಒಂದು ಕೆಲಸ ಮಾಡಬಹುದು. ಹಳೆಯ ಲಾರಿಯಾದರೆ, ಚಕ್ರಕ್ಕೆ ಅಡೆ ಕೊಟ್ಟು, ಇಂಜಿನು ನಿಲ್ಲಿಸಿ, ಟ್ಯಾಂಕಿಯಲ್ಲಿ ಗಾಳಿ ಇರುವಾಗಲೇ ಕೀ ತಿರುಗಿಸಿ ಸ್ವಿಚ್ಚು ಹಾಕಿರಿ. ಮುಚ್ಚಳದ ತೋಳು ತಿರುಗಿದ್ದು ಕ್ಲೀನರನಿಗೆ ಕಾಣಬೇಕು. ಕ್ಲಚ್ಚು ಒತ್ತಿದರೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಮಾಲೀಕರಿಗೆ ಚೀಟಿಯಲ್ಲಿ ಬರೆದು ಕೊಟ್ಟು, ಅದರ ನಕಲನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ತಂತಿ, ವಾಲ್ವು, ಮಿಸ್ತ್ರಿಯ ಕೂಲಿ ಎಲ್ಲವೂ ಮಾಲೀಕರ ಖರ್ಚು. ಸಂಬಳದಲ್ಲಿ ಹಿಡಿಯಲು ಬಂದರೆ ಆ ಚೀಟಿಯೊಡನೆ ನಮ್ಮ ಕಚೇರಿಗೆ ಬನ್ನಿರಿ.